ನಾಳಿನ ಕಾಲಿಗೆ ಸ್ಕೇಟು ಕೊಡುವುದನ್ನು ನಿಲ್ಲಿಸುವ ಬಗ್ಗೆ

ಚಕ್ರಪಾದ ಕ್ರೀಡಾ ವಿಭಾಗ
(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ)
ಹಳೆಯ ಉಗ್ರಾಣದ ಮೇಲ್ಮಹಡಿ, ಬೆಟಗೇರಿ

ಸಂಖ್ಯೆ: ಚಕ್ರ/ಪಾದ/ಸಡಿಲ/೦೭/ತಿದ್ದುಪಡಿ-೪
ದಿನಾಂಕ: ಗುರುವಾರ, ಮಧ್ಯಾಹ್ನದ ಚಹಾದ ನಂತರ

ಸುತ್ತೋಲೆ

ವಿಷಯ: ರೋಲರ್ ಹಾಕಿ ಆಡುವ ಮಕ್ಕಳ ಸ್ಕೇಟು ಕಾಲಿಗೆ ಬಿಗಿಯಾಗಿಯೂ ಹಿತವಾಗಿಯೂ ಕೂರತಕ್ಕದ್ದೆಂಬ ಬಗ್ಗೆ.

ಉಲ್ಲೇಖ:
೧. ಈ ಕಚೇರಿಯ ಹಿಂದಿನ ಸುತ್ತೋಲೆ, 'ಬೆಳೆಯುವ ಕಾಲಿಗೆ ಮುಂಗಡ ಅವಕಾಶ'.
೨. ಕಳೆದ ಭಾನುವಾರದ ಹಿಂದಿನ ಭಾನುವಾರ ಮುಂಡರಗಿ ತಂಡದ ಎದುರು ನಡೆದ ಪಂದ್ಯ ಹಾಗೂ ಅದರ ವರದಿ.
೩. ಶ್ರೀಮತಿ ಬಸವಣ್ಣೆವ್ವನವರ ಮೌಖಿಕ ಅಭಿಪ್ರಾಯಗಳು (ಒಟ್ಟು ಎರಡು, ಒಂದಕ್ಕೊಂದು ವಿರುದ್ಧ).
೪. ಕುಮಾರಿ ಅಂಕಿತಾ ಅವರ ಮೌನ, ಹನ್ನೊಂದನೆಯ ದಿನ.

ಪ್ರಸ್ತಾವನೆ:

ಈ ಕಚೇರಿಯ ಅಧೀಕ್ಷಕರಾದ ಶ್ರೀ ಹುಚ್ಚೀರಪ್ಪನವರು ತಮ್ಮ ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಒಂದು ತಪ್ಪನ್ನೂ ಮಾಡಿರುವುದಿಲ್ಲ. ಮಾಡಿದ್ದರೂ ಅದು ಕಡತಕ್ಕೆ ಬಂದಿರುವುದಿಲ್ಲ. ಇಪ್ಪತ್ನಾಲ್ಕು ಮಕ್ಕಳಿಗೆ ರೋಲರ್ ಹಾಕಿಯ ಸ್ಕೇಟು ತರಿಸುವ ಹೊಣೆ ಹೆಗಲಿಗೆ ಬಿದ್ದಾಗ ಅವರು ತಮ್ಮ ಮನೆಯ ಪದ್ಧತಿಯನ್ನೇ ಕಚೇರಿಯ ಪದ್ಧತಿಯನ್ನಾಗಿ ಜಾರಿಗೆ ತಂದರು. ಆ ಮನೆಯಲ್ಲಿ ಚಪ್ಪಲಿಯಿಂದ ಹಿಡಿದು ಶಾಲೆಯ ಅಂಗಿಯವರೆಗೆ ಎಲ್ಲವನ್ನೂ ಮಗುವಿನ ಮುಂದಿನ ವಯಸ್ಸಿಗೆ ಕೊಳ್ಳುವುದು ರೂಢಿ. ಅಧೀಕ್ಷಕರು ಮದುವೆಗೆಂದು ಹೊಲಿಸಿದ ಕೋಟು ಅವರಿಗೆ ಹೋದ ವರ್ಷದಿಂದ ಸರಿಯಾಗುತ್ತಿದೆ.

ಅವರ ತಾಯಿ ಬಸವಣ್ಣೆವ್ವನವರು ಅಂಗಡಿಯಲ್ಲಿ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಒಳಗೆ ಮೊಮ್ಮಗಳ ಕಾಲು ಎಲ್ಲೂ ಸಿಗದಿದ್ದರೆ ಮಾತ್ರ ಒಪ್ಪಿಗೆ ಕೊಡುವವರು. "ಕೂಸು ಬೆಳಿತೈತಲೇ ಹುಚ್ಚೀರಾ, ಬೂಟು ಬೆಳಿತೈತೇನು?" ಎಂಬುದು ಅವರ ಮೊದಲನೆಯ ಮೌಖಿಕ ಅಭಿಪ್ರಾಯ. ಈ ಅಭಿಪ್ರಾಯವನ್ನು ವಿಭಾಗವು ಆಕ್ಷೇಪವಿಲ್ಲದೆ ಅಂಗೀಕರಿಸಿದ್ದರಿಂದ ಇಪ್ಪತ್ನಾಲ್ಕು ಜೊತೆಗಳನ್ನೂ ಮೂರು ಅಳತೆ ದೊಡ್ಡದಾಗಿ ತರಿಸಲಾಯಿತು.

ಉಲ್ಲೇಖ (೨)ರ ಪಂದ್ಯದಲ್ಲಿ ಎರಡೂ ತಂಡಗಳು ಎರಡೆರಡು ಗೋಲು ಹೊಡೆದಿದ್ದು, ಕೊನೆಯ ನಿಮಿಷದಲ್ಲಿ ಅಂಕಿತಾ (ವಯಸ್ಸು ಹದಿಮೂರು, ಅಧೀಕ್ಷಕರ ಮಗಳು) ಚೆಂಡಿನೊಂದಿಗೆ ಗೋಲಿನ ಮುಂದೆ ಒಬ್ಬಳೇ ಇದ್ದಳು. ಆಗ ಎಡಗಾಲಿನ ಸ್ಕೇಟು ಆಕೆಯನ್ನು ಬಿಟ್ಟು ತಾನೇ ಮುಂದೆ ಹೋಯಿತು. ಸ್ಕೇಟು ಗೋಲಿನೊಳಗೆ ಸೇರಿತು. ಚೆಂಡೂ ಅಂಕಿತಾಳೂ ಹೊರಗೇ ಉಳಿದರು. ಸ್ಕೇಟು ಹೊಡೆದ ಗೋಲನ್ನು ಲೆಕ್ಕಕ್ಕೆ ಹಿಡಿಯಲು ಅವಕಾಶವಿಲ್ಲವೆಂದು ತೀರ್ಪುಗಾರರು ಪುಸ್ತಕ ತೆಗೆದು ನೋಡಿ ತಿಳಿಸಿದರು.

ಒಂದು ಕಾಲಿನಲ್ಲಿ ಸ್ಕೇಟು, ಇನ್ನೊಂದರಲ್ಲಿ ಬರೀ ಕಾಲುಚೀಲ ಇಟ್ಟುಕೊಂಡು ಹೊರಬಂದ ಆಟಗಾರ್ತಿಯು, "ಸಡ್ಲ ಅಕ್ಕಾವು ಅಂತ ನಾ ಮೊದ್ಲ ಹೇಳಿದ್ನೆಲ್ಲಪ್ಪಾ" ಎಂದಳು. ಅಧೀಕ್ಷಕರು ನಾಲ್ಕೂ ಊರಿನ ಪಾಲಕರ ಎದುರಿಗೆ, "ನೆಟ್ಟಗ ಹಾಕ್ಕೊಳ್ಳಾಕ ಬರೂದಿಲ್ಲ ನಿನಗ, ಸ್ಕೇಟಿಗ್ಯಾಕ ಅಂತೀ?" ಎಂದುಬಿಟ್ಟರು. ಅಷ್ಟಕ್ಕೇ ಸುಮ್ಮನಾಗದೆ ಅಂದೇ ವರದಿಯಲ್ಲಿ 'ಆಟಗಾರ್ತಿಯ ನಿಷ್ಕಾಳಜಿ' ಎಂದು ಬರೆದು ಕಳಿಸಿದರು. ನಿಷ್ಕಾಳಜಿ ಎಂದು ವರದಿಯಾದವರ ಹೆಸರು ಆಯ್ಕೆ ಪಟ್ಟಿಯಿಂದ ತಾನಾಗಿಯೇ ಬಿಟ್ಟುಹೋಗತಕ್ಕದ್ದು ಎಂಬ ನಿಯಮವಿದೆ. ಆ ನಿಯಮವನ್ನು ಬರೆದವರೂ ಅವರೇ.

ಹದಿನಾಲ್ಕರ ಒಳಗಿನವರ ತಂಡದ ಆಯ್ಕೆ ಬರುವ ಭಾನುವಾರ, ಹುಬ್ಬಳ್ಳಿಯಲ್ಲಿ. ಹದಿನಾಲ್ಕು ತುಂಬುವ ಮೊದಲು ಆಕೆಗೆ ಇದೇ ಕೊನೆಯ ಅವಕಾಶ. ಪಂದ್ಯದ ದಿನದಿಂದ ಆಕೆ ತಂದೆಯೊಂದಿಗೆ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಕರೆದರೆ ಬರುತ್ತಾಳೆ, ಚಟ್ನಿ ಬೇಕಾದರೆ ಅಜ್ಜಿಯ ಮೂಲಕ ಅರ್ಜಿ ಸಲ್ಲಿಸುತ್ತಾಳೆ.

ಈ ಎಲ್ಲ ಅಂಶಗಳನ್ನು ಪರಿಶೀಲಿಸಿ, ಸಂಬಂಧಪಟ್ಟ ಎಲ್ಲ ಕಾಲುಗಳ ಗಮನಕ್ಕೆ ಈ ಮೂಲಕ ತರಲಾಗಿರುವುದೇನೆಂದರೆ:

೧. ಉಲ್ಲೇಖ (೧)ರ ಸುತ್ತೋಲೆಯನ್ನು ಹಿಂಪಡೆಯಲಾಗಿದೆ. ಇನ್ನು ಮುಂದೆ ಸ್ಕೇಟನ್ನು 'ಇಂದಿನ ಕಾಲಿಗೆ' ಮಾತ್ರ ಕೊಡತಕ್ಕದ್ದು. ಇಂದಿನ ಕಾಲು ಎಂದರೆ ಅಳತೆಯ ದಿನದಂದು ಆಟಗಾರರಿಗೆ ಅಂಟಿಕೊಂಡಿರುವ ಕಾಲು. ಬರುವ ಯುಗಾದಿಯ ಕಾಲು, ಹತ್ತನೆಯ ತರಗತಿಯ ಕಾಲು, ಹಿಂದೆ ಬರುತ್ತಿರುವ ತಮ್ಮ-ತಂಗಿಯರ ಕಾಲು ಇವುಗಳ ಪರವಾಗಿ ಬಂದ ಮನವಿಗಳನ್ನು ಪರಿಗಣಿಸಲಾಗುವುದಿಲ್ಲ.

೨. ಸಡಿಲವಾದ ಸ್ಕೇಟಿನ ತುದಿಗೆ ಏನನ್ನಾದರೂ ತುರುಕಿ ಸರಿಮಾಡಿಕೊಳ್ಳುವುದನ್ನು ನಿಷೇಧಿಸಲಾಗಿದೆ. ತಪಾಸಣೆಯ ವೇಳೆ ಶಿರಹಟ್ಟಿ ತಂಡದ ಸ್ಕೇಟುಗಳಿಂದ ಅರ್ಧ ದಿಂಬಿನಷ್ಟು ಹತ್ತಿ, ಕೂಸಿನ ಒಂದು ಕುಲಾವಿ, ಗಣಿತದ ಉತ್ತರ ಪತ್ರಿಕೆ (ಪಾಲಕರ ಸಹಿಯಾಗಿಲ್ಲ) ಹಾಗೂ ನಾಲ್ಕು ಮಡಿಕೆ ಮಾಡಿದ ಉಲ್ಲೇಖ (೧)ರ ಸುತ್ತೋಲೆ ದೊರೆತಿವೆ. ಈ ಕಚೇರಿಯ ಸುತ್ತೋಲೆಯೊಂದು ಕ್ರೀಡಾಪಟುವಿಗೆ ನೇರವಾಗಿ ಉಪಯೋಗಕ್ಕೆ ಬಂದಿದ್ದು ಇದೇ ಮೊದಲೆಂದು ದಾಖಲಿಸಿಕೊಳ್ಳಲಾಗಿದೆ.

೩. ನೇರ ನಿಂತಾಗ ಬೆರಳ ತುದಿ ಸ್ಕೇಟಿನ ಮುಂಭಾಗವನ್ನು ಸೋಕಿಯೂ ಸೋಕದಂತಿರಬೇಕು. ಮೊಣಕಾಲು ಬಗ್ಗಿಸಿದಾಗ ಬೆರಳು ಕೊಂಚ ಹಿಂದೆ ಸರಿಯಬೇಕು. ಐದು ಬೆರಳುಗಳ ಪರವಾಗಿ ಹೆಬ್ಬೆರಳು ಹೇಳಿಕೆ ಕೊಟ್ಟರೆ ಸಾಕು. ಕಿರುಬೆರಳಿನ ದೂರನ್ನು ಪ್ರತ್ಯೇಕ ಹಾಳೆಯಲ್ಲಿ ಸಲ್ಲಿಸತಕ್ಕದ್ದು.

೪. ಹೊರಗಿನಿಂದ ಹಿರಿಯರು ಬೂಟಿನ ತುದಿ ಒತ್ತಿ "ಇನ್ನೂ ಜಾಗಾ ಐತಿ" ಎಂದು ಘೋಷಿಸುವುದು ಇನ್ನು ಸಿಂಧುವಲ್ಲ. ಅಂಥ ಹಿರಿಯರ ಹೆಬ್ಬೆರಳುಗಳನ್ನು ಅಳತೆ ಮುಗಿಯುವವರೆಗೆ ಎಲೆ-ಅಡಿಕೆ ಕೊಟ್ಟು ಬೇರೆ ಕೆಲಸಕ್ಕೆ ನಿಯೋಜಿಸತಕ್ಕದ್ದು.

೫. ಹಿಮ್ಮಡಿ ಅಲುಗಾಡಕೂಡದು. ಸ್ಕೇಟು ತೊಟ್ಟ ಕೂಡಲೇ ಹಿಮ್ಮಡಿಯನ್ನು ನೆಲಕ್ಕೆ ಮೂರು ಸಲ ಕುಟ್ಟಿ ಹಿಂದಕ್ಕೆ ಕೂರಿಸಬೇಕು. ಮೇಲ್ಮಹಡಿಯಲ್ಲಿ ಇಪ್ಪತ್ನಾಲ್ಕು ಮಕ್ಕಳು ಒಟ್ಟಿಗೆ ಕುಟ್ಟಿದ ದಿನ ಕೆಳಗಿನ ಉಗ್ರಾಣದ ಸುಣ್ಣ ಅಲ್ಲಿನ ಕಾವಲುಗಾರರ ಊಟದ ಡಬ್ಬಿಗೆ ಉದುರಿದ್ದರಿಂದ, ಮಧ್ಯಾಹ್ನ ಒಂದರಿಂದ ಎರಡರವರೆಗೆ ಹಿಮ್ಮಡಿಗಳಿಗೆ ಬಿಡುವು ಘೋಷಿಸಲಾಗಿದೆ.

೬. ಕಾಲುಚೀಲ ತೆಳ್ಳಗಿನದು, ಕಾಲಿಗೆ ಒಂದೇ. ಬಿದ್ದರೆ ಮೆತ್ತಗಿರಲೆಂದು ಮೂರು ಜೊತೆ ಹಾಕಿಕೊಂಡವರನ್ನು ಗಾಯಾಳುಗಳೆಂದು ಪರಿಗಣಿಸಿ ಮನೆಗೆ ಕಳಿಸಲಾಗುವುದು.

೭. ಲೇಸನ್ನು ಬೆರಳಿನ ಕಡೆ ಸ್ವಲ್ಪ ಸಡಿಲ, ಪಾದದ ನಡುವೆ ಬಿಗಿ, ಕಣಕಾಲಿನ ಹತ್ತಿರ ಇನ್ನೂ ಬಿಗಿಯಾಗಿ ಎಳೆಯತಕ್ಕದ್ದು. ಮೆಣಸಿನಕಾಯಿ ಚೀಲದ ಬಾಯಿ ಕಟ್ಟಿದಂತೆ ಮೇಲೊಂದೇ ಗಂಟು ಬಿಗಿಯುವವರು, ಆ ಗಂಟನ್ನು ತಾವೇ ಬಿಚ್ಚುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು.

೮. ಹೊಸ ಸ್ಕೇಟು ಕಾಲಿನ ಆಕಾರಕ್ಕೆ ಬರಬೇಕಾದರೆ ಹಿತವಾದ ಕಾವು ಬೇಕು. ಈ ವಿಭಾಗದಲ್ಲಿ ಕಾವು ಕೊಡುವ ಸಲಕರಣೆ ಎಂದರೆ ಚಹಾದ ಒಲೆಯೊಂದೇ. ಆದ್ದರಿಂದ ಬೆಟಗೇರಿಯ ಬೇಕರಿ ಮಾಲೀಕರಾದ ಶ್ರೀ ಅಬ್ದುಲಗನಿ ಅವರನ್ನು ಕೋರಲಾಗಿ, ಅವರು, "ಇಡ್ರಿ ಸಾಹೇಬ್ರ, ಖಾರಿ ಬಿಸ್ಕೀಟ್ ತಗದ ಮ್ಯಾಲೆ ಭಟ್ಟಿ ತಣ್ಣಗಾಗಾಕ ಹತ್ತಿರತೈತಿ. ಆದ್ರ ಗಿರಾಕಿ ಬಂದು ಇದೇನ್ ಬೇಯಸಾಕತ್ತೀ ಅಂದ್ರ ನಾ ಸುಳ್ಳು ಹೇಳಾಂಗಿಲ್ರಿ" ಎಂದು ಷರತ್ತಿನ ಒಪ್ಪಿಗೆ ಕೊಟ್ಟಿದ್ದಾರೆ. ಗಾಲಿಗಳನ್ನು ಬಿಚ್ಚಿ, ಅಂಗೈ ತಾಳುವಷ್ಟು ಕಾವಿನಲ್ಲಿ ಮಾತ್ರ ಇಡತಕ್ಕದ್ದು. ಹೊರತೆಗೆದು ತೊಟ್ಟ ಮೇಲೆ ಕಾಲು ಗಂಟೆ ಅಲುಗದೆ ಕೂರತಕ್ಕದ್ದು. ಪ್ರಾಯೋಗಿಕವಾಗಿ ಕಾಯಿಸಿದ ಮೊದಲ ಜೊತೆ ಬೆಣ್ಣೆಯ ವಾಸನೆ ಹಿಡಿದಿದ್ದು, ಅದನ್ನು ತೊಟ್ಟವರ ಹಿಂದೆ ಮೂರು ನಾಯಿಗಳು ಅಭ್ಯಾಸ ಮಾಡುತ್ತಿವೆ. ಅವುಗಳನ್ನು ಹೆಚ್ಚುವರಿ ಆಟಗಾರರೆಂದು ನೋಂದಾಯಿಸಲು ಅವಕಾಶವಿರುವುದಿಲ್ಲ.

೯. ಹೊಸ ಸ್ಕೇಟುಗಳನ್ನು ತರಿಸಲು ಕಾಲಾವಕಾಶವಿಲ್ಲ. ಎಲ್ಲರಿಗೂ ಮೂರು ಅಳತೆ ದೊಡ್ಡದೇ ಬಂದಿರುವುದರಿಂದ, ದೊಡ್ಡವರ ಕಾಲು ಚಿಕ್ಕವರ ಸ್ಕೇಟಿಗೆ ಹೊಂದುವ ಸಾಧ್ಯತೆ ಕಂಡುಬಂದಿದೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಮೊಗಸಾಲೆಯಲ್ಲಿ ಇಪ್ಪತ್ನಾಲ್ಕು ಜೊತೆಗಳನ್ನೂ ಸಾಲಾಗಿ ಇಡಲಾಗುವುದು. ಲಕ್ಷ್ಮೇಶ್ವರದ ಕಾವೇರಿಯವರ (ವಯಸ್ಸು ಹತ್ತು) ಸ್ಕೇಟು ಅಂಕಿತಾ ಅವರಿಗೆ ಆಗಬಹುದೆಂದು ಅಂದಾಜಿದೆ. ತೀರ ಚಿಕ್ಕವರಿಗೆ ಹಳೆಯ ಸ್ಕೇಟುಗಳನ್ನು ಉಗ್ರಾಣದಿಂದ ತೆಗೆದು ಒರೆಸಿಡಲಾಗಿದೆ.

೧೦. ಮೇಲಿನ ಅಂದಾಜನ್ನು ಖಚಿತಪಡಿಸಲು ಅಂಕಿತಾ ಅವರ ಕಾಲಿನ ಅಳತೆ ಬೇಕಾಗಿರುತ್ತದೆ. ಹದಿಮೂರು ವರ್ಷಗಳಲ್ಲಿ ಅಧೀಕ್ಷಕರು ಆ ಕಾಲನ್ನು ಒಮ್ಮೆಯೂ ಅಳೆದಿರುವುದಿಲ್ಲ. ಅಂಗಡಿಯಲ್ಲಿ ಅಂಕಿ ಹೇಳುತ್ತಿದ್ದುದು ಅವರೇ, ಮಗಳು ಪಕ್ಕದಲ್ಲಿ ನಿಂತಿರುತ್ತಿದ್ದಳು. ಈಗ ಕೇಳಲು ಬಾಯಿ ಬಾರದೆ, ಮಗಳು ಬಚ್ಚಲಿನಿಂದ ಹೊರಬಂದಾಗ ಕಲ್ಲಿನ ನೆಲದ ಮೇಲೆ ಮೂಡುವ ಒದ್ದೆ ಹೆಜ್ಜೆಯನ್ನು ಕಚೇರಿಯ ಅಳತೆಪಟ್ಟಿಯಿಂದ ಅಳೆಯಲು ಮೂರು ದಿನ ಪ್ರಯತ್ನಿಸಲಾಯಿತು. ಮೂರೂ ದಿನ ಪಟ್ಟಿ ಹಿಮ್ಮಡಿ ತಲುಪುವುದರೊಳಗೆ ಬೆರಳುಗಳು ಆರಿಹೋದವು. ಮೂರನೆಯ ದಿನ ಬಸವಣ್ಣೆವ್ವನವರು ಸ್ಥಳಕ್ಕೆ ಆಗಮಿಸಿ, "ಏನಲೇ ಹುಚ್ಚೀರಾ, ನೆಲಾ ಮೂಸಾಕತ್ತೀ?" ಎಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ, "ನಾನೂ ತಪ್ಪು ಹೇಳೀನೇಳಪ. ಆದ್ರ ಆಕಿನ್ನ ನಾಕ ಮಂದ್ಯಾಗ ಬೈದಾಂವ ನೀನು. ಹೋಗು, ಆಕಿನ್ನ ಕೇಳು" ಎಂದು ತಮ್ಮ ಎರಡನೆಯ ಮೌಖಿಕ ಅಭಿಪ್ರಾಯ ನೀಡಿದರು.

೧೧. ಅದರಂತೆ ಅಧೀಕ್ಷಕರು ಮಗಳ ಕೋಣೆಯ ಬಾಗಿಲವರೆಗೆ ನಾಲ್ಕು ಸಲ ಪ್ರವಾಸ ಕೈಗೊಂಡು ನಾಲ್ಕೂ ಸಲ ಮರಳಿರುತ್ತಾರೆ. ಬಾಯಿಂದ ಹೇಳಲು ಆಗದ್ದನ್ನು ಸುತ್ತೋಲೆಯಲ್ಲಿ ಹೇಳುವುದು ಅವರಿಗೆ ಅಭ್ಯಾಸವಾಗಿದೆ. ಆದ್ದರಿಂದ ಉಲ್ಲೇಖ (೨)ರ ವರದಿಯಲ್ಲಿ 'ಆಟಗಾರ್ತಿಯ ನಿಷ್ಕಾಳಜಿ' ಎಂದಿರುವಲ್ಲೆಲ್ಲ 'ಅಧೀಕ್ಷಕ ಹುಚ್ಚೀರಪ್ಪನ ನಿಷ್ಕಾಳಜಿ' ಎಂದು ಓದಿಕೊಳ್ಳತಕ್ಕದ್ದು. ಅಂಕಿತಾ ಅವರ ಹೆಸರನ್ನು ಆಯ್ಕೆ ಪಟ್ಟಿಗೆ ಮರಳಿ ಸೇರಿಸಲಾಗಿದೆ. ಸ್ಕೇಟು ಸಡಿಲವೆಂದು ಆಕೆ ಮೊದಲೇ ಹೇಳಿದ್ದಳು ಎಂಬುದು ನಿಜ. ನಾಲ್ಕೂ ಊರಿನವರ ಎದುರಿಗೆ ಆಕೆಯನ್ನು ಬೈದದ್ದಕ್ಕೆ ಅಧೀಕ್ಷಕರಿಗೆ ಬಹಳ ಸಂಕಟವಾಗಿದೆ, ಮಗಳ ಮಾತಿಲ್ಲದ ಮನೆಯಲ್ಲಿ ಅವರಿಗೆ ಊಟ ಸೇರುತ್ತಿಲ್ಲ. ಈ ಕೊನೆಯ ವಾಕ್ಯವನ್ನು ಕೈಬಿಡುವಂತೆ ಬೆರಳಚ್ಚುಗಾರರು ಎರಡು ಸಲ ಸೂಚಿಸಿದ್ದು, ಅಧೀಕ್ಷಕರು ಎರಡು ಸಲವೂ ತಿರಸ್ಕರಿಸಿದ್ದಾರೆ.

೧೨. ಅಂಕಿತಾ ಅವರು ತಮ್ಮ ಎರಡೂ ಕಾಲಿನ ಅಳತೆಯನ್ನು ತಮಗೆ ಒಪ್ಪಿಗೆಯಿದ್ದಲ್ಲಿ ಮಾತ್ರ ತಿಳಿಸಬೇಕಾಗಿ ಕೋರಲಾಗಿದೆ. ತಿಳಿಸದಿದ್ದರೂ ಹೆಸರು ಪಟ್ಟಿಯಲ್ಲೇ ಇರುತ್ತದೆ.

(ಸಹಿ)
ಹುಚ್ಚೀರಪ್ಪ
ಅಧೀಕ್ಷಕರು, ಚಕ್ರಪಾದ ಕ್ರೀಡಾ ವಿಭಾಗ
ಹಾಗೂ ಅಂಕಿತಾಳ ಅಪ್ಪ

ಪ್ರತಿಗಳು:
೧. ನಾಲ್ಕೂ ಊರಿನ ತಂಡದ ವ್ಯವಸ್ಥಾಪಕರಿಗೆ, ಪಾಲಕರಿಗೆ ಗಟ್ಟಿಯಾಗಿ ಓದಿಹೇಳಲು. ಹನ್ನೊಂದನೆಯ ಕಲಮನ್ನು ಎರಡು ಸಲ ಓದತಕ್ಕದ್ದು.
೨. ಹುಬ್ಬಳ್ಳಿಯ ಆಯ್ಕೆ ಸಮಿತಿಗೆ, ತುರ್ತಾಗಿ.
೩. ಶ್ರೀ ಅಬ್ದುಲಗನಿ, ಬೇಕರಿ ಮಾಲೀಕರು, ಇವರಿಗೆ. ಖಾರಿ ಕಟ್ಟಲು ಈ ಪ್ರತಿಯನ್ನು ಬಳಸಬಾರದೆಂಬ ವಿನಂತಿಯೊಂದಿಗೆ.
೪. ಉಗ್ರಾಣದ ಕಾವಲುಗಾರರಿಗೆ, ಡಬ್ಬಿ ಮುಚ್ಚಿಡುವ ಸಲುವಾಗಿ.
೫. ಶ್ರೀಮತಿ ಬಸವಣ್ಣೆವ್ವನವರಿಗೆ, ಮೊಮ್ಮಗಳಿಂದ ಓದಿಸಿಕೊಳ್ಳಲು.
೬. ಕುಮಾರಿ ಅಂಕಿತಾ ಅವರಿಗೆ, ಕೋಣೆಯ ಬಾಗಿಲ ಸಂದಿಯ ಮೂಲಕ.
೭. ಕಚೇರಿ ಕಡತಕ್ಕೆ.

ಆರನೆಯ ಪ್ರತಿಯು ಅದೇ ಸಂದಿಯಿಂದ ಹತ್ತು ನಿಮಿಷದೊಳಗೆ ವಾಪಸು ಬಂದಿದ್ದು, ಅದರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿದ್ದ ಷರಾವನ್ನು ಯಥಾವತ್ತಾಗಿ ಕಡತಕ್ಕೆ ಸೇರಿಸಲಾಗಿದೆ:

"ಅಪ್ಪಾ, ಸುತ್ತೋಲೆ ಮುಟ್ಟೈತಿ. ಎಡಗಾಲು ಇಪ್ಪತ್ತೆರಡೂವರಿ ಸೆಂಟಿಮೀಟರ್. ಬಲಗಾಲು ಒಂದು ಗೆರಿ ಹೆಚ್ಚೈತಿ. ಶನಿವಾರ ನಾನ ಹಾಕ್ಕೊಂಡು ನೋಡ್ತೀನಿ. ನೀ ಬಾಜೂಕ ಕುಂಡ್ರು."