ಅಲ್ಲಾಡದ ಮುಳ್ಳು

ನಡುರಾತ್ರಿ ಬೀದಿಯಲ್ಲಿ ‘ಟಕ್’ ಎಂದದ್ದು ಕೇಳಿ ಪ್ರಕೃತಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ಯಾರೋ ಕಾರಿಗೆ ಕೈಹಾಕಿದರೇನೋ ಎಂದು ಬೆಳಗಾಗುತ್ತಲೇ ಹೋಗಿ ಮನೆಯೆದುರಿನ ಹಳೆಯ ಕಾರಿನ ಕೀ ತಿರುಗಿಸಿದಳು. ಪೆಟ್ರೋಲ್ ಮುಳ್ಳು ಊಟ ಮುಗಿಸಿದ ಮಾವನವರಂತೆ ಮಲಗಿತ್ತು.

ಚೆನ್ನೈ ರೈಲು ಹತ್ತುವ ಮುನ್ನ ಗಂಡ ಸುಮೇಧ ಹೇಳಿದ್ದ: “ಫುಲ್ ಟ್ಯಾಂಕ್ ಹಾಕ್ಸಿರ್ತೀನಿ. ಜಯನಗರದಿಂದ ಅಮ್ಮನ್ನ ಒಬ್ಳೇ ಕರ್ಕೊಂಡು ಬಾ. ಬಂದ್ಯೋ, ಕೀ ನಿಂದು. ಇಲ್ಲಾ ನಂದು.”

“ಕಳ್ರು ಹೀರಿದಾರೆ ಕಣಮ್ಮಾ!” ಎಂದರು ಎದುರುಮನೆಯ ತಿಮ್ಮರಾಯಪ್ಪ. ಗಿರಿನಗರದ ಆ ರಸ್ತೆಯೆಲ್ಲ ಸೇರಿತು.

“ಕಳ್ರೂ ಇಲ್ಲ, ಮಣ್ಣೂ ಇಲ್ಲ,” ಎನ್ನುತ್ತ ಪಕ್ಕದ ಮನೆಯ, ವಿದ್ಯುತ್ ಇಲಾಖೆಯ ನಿವೃತ್ತ ಲೈನ್ ಇನ್ಸ್‌ಪೆಕ್ಟರ್ ಶಾಮಣ್ಣ ಹಿಂದಿನ ಸೀಟು ಎತ್ತಿದರು. “ಟ್ಯಾಂಕೊಳಗೆ ನಿಮ್ಮನೆ ಸಂಪಿನ ಥರಾನೇ ಒಂದು ತೇಲೋ ಬುರುಡೆ ಇರುತ್ತೆ. ಅದು ಮೇಲಿದ್ರೆ ಅಡ್ಡಿ ಕಮ್ಮಿ, ಕರೆಂಟ್ ಜಾಸ್ತಿ ಹರಿಯುತ್ತೆ, ಮುಳ್ಳು ಏಳುತ್ತೆ. ಇಲ್ಲಿ ಅರ್ಥಿಂಗೇ ಸರಿಯಿಲ್ಲ!”

ಒಂದು ವೈರು ಕಿತ್ತು, ಸುಲಿದು, ಕಾರಿನ ಬಾಡಿಗೇ ಬಿಗಿದರು. ಮುಳ್ಳು ಚಂಗನೆ ಫುಲ್ಲಿಗೆ ನೆಗೆಯಿತು. ಚಪ್ಪಾಳೆ.

ಅತ್ತೆಯನ್ನು ಕರೆತರಲು ಹೊರಟ ಕಾರು ಬನಶಂಕರಿಯಲ್ಲಿ ಕೆಮ್ಮಿ, ಬಸ್ಸಿನ ಮುಂದೆಯೇ ನಿಂತಿತು. ಅಷ್ಟರಲ್ಲಿ ಸುಮೇಧನ ಫೋನ್.

“ಅಯ್ಯೋ, ಪೆಟ್ರೋಲ್ ಹಾಕ್ಸೋದೇ ಮರ್ತೆ ಕಣೇ! ಮುಳ್ಳು ನೋಡ್ಕೊಂಡೇ ಹೊರಟಿರ್ತೀಯಲ್ವಾ?”

ಮುಳ್ಳು ಫುಲ್ಲಿನಲ್ಲೇ ಎದೆಯುಬ್ಬಿಸಿ ನಿಂತಿತ್ತು. ಬೆಳಗ್ಗೆ ಇಡೀ ರಸ್ತೆಯಲ್ಲಿ ನಿಜ ಹೇಳಿದ್ದು ಅದೊಂದೇ. ಈಗ ಕರೆಂಟು ಬುರುಡೆಯನ್ನು ಕೇಳದೆ ನೇರ ಬಾಡಿಗೆ ಹರಿಯುತ್ತಿತ್ತು. ಟ್ಯಾಂಕನ್ನೇ ಬಿಚ್ಚಿಟ್ಟರೂ ಅದು ಫುಲ್ಲೇ.

“ನೋಡ್ದೆ,” ಎಂದಳು.

ಆಟೋದವನೊಬ್ಬ ಬೈದುಕೊಂಡೇ ಒಂದು ಲೀಟರ್ ತಂದುಕೊಟ್ಟ. ಅವಳು ಜಯನಗರ ತಲುಪುವಷ್ಟರಲ್ಲಿ ಅತ್ತೆ ಸೀತಮ್ಮ ಕಾದು ಸಾಕಾಗಿ ಆಟೋ ಹತ್ತಿಯಾಗಿತ್ತು. ಮನೆಗೆ ಮರಳಿದರೆ ಗೇಟಿನಲ್ಲೇ ಕೈಚಾಚಿ ನಿಂತಿದ್ದರು.

“ಎಲ್ಲಿ ಹೋಗಿದ್ಯೇ?”

“ಟ್ರಾಫಿಕ್ ಅತ್ತೆ.”

ಈ ಊರಿನಲ್ಲಿ ಆ ಉತ್ತರವನ್ನು ಯಾರೂ ಅನುಮಾನಿಸುವುದಿಲ್ಲ. “ಟ್ರಾಫಿಕ್ಕಿಗೇ ಸುಸ್ತಾಗೋಳಿಗೆ ಕಾರ್ಯಾಕೆ? ಕೊಡಿಲ್ಲಿ ಕೀನ,” ಎಂದು ಕಿತ್ತುಕೊಂಡರು.

ತಿಮ್ಮರಾಯಪ್ಪನವರ ಕಾರಿನೊಳಗಿಂದ ಶಾಮಣ್ಣನ ತಲೆ ಹೊರಬಂತು. “ಮೇಡಂ, ಮುಳ್ಳು ಹೆಂಗಿತ್ತು, ಇವ್ರಿಗೂ ಸ್ವಲ್ಪ ಹೇಳಿ.”

“ಒಂಚೂರೂ ಅಲ್ಲಾಡ್ಲಿಲ್ಲ ಅಂಕಲ್.”

ರಾತ್ರಿ ಸುಮೇಧ ಬಂದವನೇ ಅಮ್ಮನಿಂದ ಕೀ ಇಸಿದುಕೊಂಡು, ಕಾರು ನೋಡಿ ಬಂದು, ಜೇಬಿಗಿಳಿಸಿದ. “ಬೆಳಗ್ಗೆ ಬಾಸನ್ನ ಮೈಸೂರಿಗೆ ಕರ್ಕೊಂಡು ಹೋಗ್ಬೇಕು. ಈಗ ನೋಡ್ದೆ, ಮುಳ್ಳು ಫುಲ್ಲಲ್ಲಿದೆ. ಹಾಕ್ಸಿದ್ಯಾ? ಜಾಣೆ!”

ಪ್ರಕೃತಿ ಬಾಯಿ ತೆರೆದಳು. ಅವನ ಜೇಬನ್ನು ನೋಡಿದಳು. ಯಾರಿಗೂ ಏನೂ ಹೇಳಬಾರದೆಂದು ನಿರ್ಧರಿಸಿ ದೀಪ ಆರಿಸಿದಳು.