ಮಕ್ಕಳು ಓದಿದ ರಾಯಕೋಟೆ

ರಾಯಕೋಟೆ ಬೆಟ್ಟದ ಮೇಲಿನ ಕೋಟೆಗೋಡೆಗೆ ಹೆಸರು ಬಳಿದು ಕೆಡಿಸಿದವರು ನಾವೇ, ಈ ಸುತ್ತಿನ ಊರುಗಳವರು. ಇದನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಹೇಳಿ ಬೈಸಿಕೊಂಡಿದ್ದೇನೆ. ದೊಡ್ಡವರು ಕೇಳಲಿಲ್ಲ. ಅದಕ್ಕೇ ಗೋಡೆ ಪೂರಾ ಮುಚ್ಚಿಹೋಗುವ ಮೊದಲು ನೋಡಲಿ ಅಂತ, ಬಾಗಲೂರಿನ ನಮ್ಮ ಬೀದಿಯ ಮಕ್ಕಳನ್ನು ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಕರೆದೊಯ್ಯುತ್ತೇನೆ. ಪ್ರತಿ ಸಲ ಏನಾದರೊಂದು ಆಗುತ್ತದೆ. ಪ್ರತಿ ಸಲ ಮರ್ಯಾದೆ ಹೋಗುವುದು ದೊಡ್ಡವರದೇ.

ಹತ್ತು

ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಬೆಟ್ಟದ ಬುಡದಲ್ಲೇ ನಿಂತುಬಿಟ್ಟಳು. “ಹತ್ತು ಪುಟ್ಟಿ, ಹತ್ತು!” ಅಂದೆ. ಒಂದು, ಎರಡು ಅಂತ ಎಣಿಸುತ್ತಾ ಸರಿಯಾಗಿ ಹತ್ತು ಮೆಟ್ಟಿಲು ಏರಿ ಕೂತಳು.

“ಯಾಕೆ ಕೂತೆ?”

“ಹತ್ತಾಯ್ತಲ್ಲ ಮಾವ.”

“ಇನ್ನೂ ಹತ್ತಮ್ಮ.” ಮತ್ತೆ ಹತ್ತು ಏರಿ ಕೂತಳು. ಉಳಿದ ಮಕ್ಕಳಿಗೆ ಇದು ಭಾರಿ ಆಟವಾಯಿತು. ಇಡೀ ದಂಡು ಕಿರುಚುತ್ತಾ ಹತ್ತತ್ತಾಗಿ ಬೆಟ್ಟ ಏರಿತು. ಅರ್ಧ ದಾರಿಯಲ್ಲಿ ನನಗೇ ಉಸಿರು ಕಟ್ಟಿ ಬಂಡೆಗೊರಗಿದೆ. ಆ ಪುಟ್ಟಿ ಮೇಲಿನಿಂದ ಸೊಂಟದ ಮೇಲೆ ಕೈಯಿಟ್ಟು, “ಹತ್ತು ಮಾವ, ಹತ್ತು!” ಅಂತ ಗದರಿದಳು.

“ನಂದು ಹತ್ತಾಯ್ತು ಕಣಮ್ಮ” ಅಂದೆ.

ಆಳು

ಇನ್ನೊಂದು ಸಲ, ಕುಸಿದ ಗೋಡೆಯ ಮುಂದೆ ನಿಂತು ಮಕ್ಕಳಿಗೆ ಭಾಷಣ ಹೊಡೆಯುತ್ತಿದ್ದೆ. “ಹಾಳು ಮಾಡಿದ್ದು ಯಾರು? ಹೇಳಿ!” ಅಂತ ಗರ್ಜಿಸಿದೆ.

ಮುಂದೆ ನಿಂತಿದ್ದ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. “ನಾನಲ್ಲ ಮಾವ, ನಾನು ಈಗ್ತಾನೆ ಬಂದೆ.”

ನಾನು ಬಿಡಲಿಲ್ಲ. “ನೋಡ್ರಿ, ಎಷ್ಟು ಹಾಳು! ಎಷ್ಟು ಹಾಳು!” ಗೋಡೆಯಾಚೆ ಮೇಕೆ ಮೇಯಿಸುತ್ತಿದ್ದ ಅಜ್ಜಿ ತಲೆ ಎತ್ತಿದಳು.

“ಎಷ್ಟ್ ಆಳು ಬೇಕು ಸಾಮಿ? ಕ್ವಾಟೆ ರಿಪೇರಿನಾ? ನಮ್ಮೂರಿಂದ ಇಪ್ಪತ್ತಾಳು ಕರ್ಕೊಂಡ್ ಬತ್ತೀನಿ. ನನ್ನೂ ಸೇರುಸ್ಕ.”

ಇಷ್ಟು ವರ್ಷ ಕೂಗಿದ್ದಕ್ಕೆ ರಿಪೇರಿಯ ಮಾತೆತ್ತಿದವಳು ಅವಳೊಬ್ಬಳೇ. ಅದೂ ನನ್ನ ಮಾತು ತಪ್ಪಾಗಿ ಕೇಳಿಸಿದ್ದರಿಂದ.

ರಾಣಿ ಯಾರು?

ಕಳೆದ ತಿಂಗಳು ನಮ್ಮ ಬೀದಿಯ ಫ್ಯಾಕ್ಟರಿ ನೌಕರನೊಬ್ಬ ಹೆಂಡತಿ, ಮಗಳ ಸಮೇತ ನಮ್ಮ ಜೊತೆ ಬಂದ. ಮಗಳು ಎರಡನೇ ಕ್ಲಾಸು. ಹೊಸದಾಗಿ ಅಕ್ಷರ ಕೂಡಿಸಲು ಬಂದಿದೆ. ಬಿಸ್ಕತ್ತಿನ ಪೊಟ್ಟಣವನ್ನೂ ಬಿಡದೆ ಓದುತ್ತಾಳೆ. ಹೆಬ್ಬಾಗಿಲು ದಾಟಿದವಳೇ ಕುಣಿದಾಡಿದಳು. “ಮಾವಾ, ಇಲ್ಲಿ ಕನ್ನಡ ಐತೆ! ಓಡಿ ಬನ್ನಿ!”

ಶಾಸನವೇ ಸಿಕ್ಕಿತು ಅಂತ ನಾನೂ ಓಡಿದೆ. ನೋಡಿದರೆ ಹಸಿರು ಪೇಂಟು. ಹುಡುಗಿ ಬೆರಳಿಟ್ಟು ಓದಿದಳು. “ಅಪ್ಪಾ, ನಿನ್ನ ಹೆಸರು! ನೀನು ರಾಜನಾ?”

ಅಪ್ಪ ಬೆವೆತ. “ಹೂಂ ಮಗಾ, ಹಿಂದೆ ಆ ಹೆಸರಿನ ರಾಜ ಒಬ್ಬ ಇದ್ದ.”

“ಪಕ್ಕದಲ್ಲಿರೋದು ರಾಣಿನಾ? ಅದು ಅಮ್ಮನ ಹೆಸರಲ್ವಲ್ಲ?”

“ಕೇಳು ಮಗಾ, ಚೆನ್ನಾಗಿ ಕೇಳು. ಈ ಚರಿತ್ರೆ ನಂಗೂ ಗೊತ್ತಿಲ್ಲ” ಅಂದಳು ಹೆಂಡತಿ.

“ಅಯ್ಯೋ, ನನ್ನ ಹೆಸರಿನೋರು ಹೊಸೂರಲ್ಲಿ ಬೀದಿಗೊಬ್ಬರು ಅವ್ರೆ ಕಣೇ. ಯಾವನೋ ಬರ್ದವ್ನೆ, ಬಿಡು!”

ಹೆಂಡತಿ ಇನ್ನೇನು ನಂಬುವುದರಲ್ಲಿದ್ದಳು. ಅಷ್ಟರಲ್ಲಿ ನಾನು ಟವಲ್ಲು ಒದ್ದೆ ಮಾಡಿ ಗೋಡೆ ಉಜ್ಜತೊಡಗಿದೆ. ಅವನಿಗೆ ತಡೆಯಲಾಗಲಿಲ್ಲ.

“ನೀರಿಗೆಲ್ಲ ಹೋಗಲ್ಲಣ್ಣ ಅದು. ಕಂಪನಿ ಪೇಂಟು, ಎರಡು ಕೋಟು ಹೊಡ್ದಿದ್ದೀನಿ.”

ಈ ಗೋಡೆಯಲ್ಲಿ ನಿಮ್ಮ ಹೆಸರೂ ಇದೆಯಾ? ಬರುವ ಭಾನುವಾರ ಬೆಳಗ್ಗೆ ಬೆಟ್ಟದ ಬುಡಕ್ಕೆ ಬನ್ನಿ. ಎಲ್ಲಿ ಬಳಿದಿರಿ ಅಂತ ತೋರಿಸಿ. ಕಲ್ಲಿಗೆ ಪೆಟ್ಟಾಗದಂತೆ ಅಳಿಸಬಲ್ಲವರನ್ನು ಕೇಳಿಕೊಂಡು, ಕೂಡಿ ಅಳಿಸೋಣ. ನಿಮ್ಮ ಮಗಳು ಎರಡನೇ ಕ್ಲಾಸಿಗೆ ಬರುವ ಮೊದಲೇ ಬನ್ನಿ.