ಕೆಂಪರಾಜನ ಪುಟಕ್ಕೆ ಕೆಂಪು ಬಿತ್ತು

ಭಾನುವಾರ ಬೆಳಿಗ್ಗೆ ಏಳೂವರೆಗೆ ಕೆಂಪರಾಜ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಹಿತ್ತಿಲಲ್ಲಿ ನಿಂತಿದ್ದಾಗ ಅಪ್ಪಯ್ಯಣ್ಣನವರ ಫೋನು ಬಂತು.

"ಲೇ ಕೆಂಪರಾಜ, ನಂದಗುಡಿಯೋರು ಇವತ್ತು ಬರಲ್ವಂತೆ ಕಣೋ. ನಿನ್ನ ಹೆಸರು ಒತ್ತಿದ್ರೆ ಕೆಂಪು ಬರ್ತೈತಂತೆ!"

ಕೆಂಪರಾಜ ನೊರೆಯನ್ನು ಉಗಿಯುವ ಬದಲು ನುಂಗಿಬಿಟ್ಟ.

ಅಪ್ಪಯ್ಯಣ್ಣ ದೇವನಹಳ್ಳಿಯ 'ಅಕ್ಷತೆ ವಧೂವರರ ಮಾಹಿತಿ ಕೇಂದ್ರ'ದ ಅಧ್ಯಕ್ಷರು. ಕೆಂಪರಾಜ ಆ ಕೇಂದ್ರದ ವೆಬ್‌ಸೈಟ್ ಕಟ್ಟಿದವನು, ಎಂಟು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿರುವವನು. ಸುತ್ತಲ ಮೂರು ತಾಲ್ಲೂಕಿನ ಜನ ಆ ಸೈಟನ್ನು ನಂಬಿ ಮಕ್ಕಳ ಮದುವೆ ಮಾಡಿದ್ದರು. ಪ್ರತಿ ಹುಡುಗಿಯ ಫೋಟೋವನ್ನೂ ಮೊದಲು ನೋಡುವವನು ಅವನೇ. ಆದರೆ ಅಪ್ಪಯ್ಯಣ್ಣ ಒಂದು ನಿಯಮ ಮಾಡಿಟ್ಟಿದ್ದರು. ಹೊಸ ಹುಡುಗಿಯ ವಿವರ ಬಂದು ಎಂಟು ದಿನ ಕಳೆಯುವವರೆಗೆ ಕೇಂದ್ರದ ನೌಕರ ತನಗೆಂದು ಆ ಕಡೆ ಕಣ್ಣು ಹಾಯಿಸುವಂತಿಲ್ಲ. ಊಟದ ಪಂಕ್ತಿಯಲ್ಲಿ ಬಡಿಸುವವನು ಕೊನೆಗೇ ಕೂರಬೇಕು ಎನ್ನುವುದು ಅವರ ವಾದ. ಎಂಟನೆಯ ದಿನದ ಹೊತ್ತಿಗೆ ಪಾತ್ರೆ ತಳ ಕಾಣುತ್ತಿತ್ತು. ಹೀಗಾಗಿ ಕೆಂಪರಾಜನಿಗೆ ಮೂವತ್ತನಾಲ್ಕು ತುಂಬಿತ್ತು.

ನಂದಗುಡಿಯ ರಾಮಾಂಜಿನಪ್ಪನವರ ಮಗಳು ನವ್ಯಶ್ರೀ ಮಾತ್ರ ಅದು ಹೇಗೋ ಒಂಬತ್ತನೆಯ ದಿನಕ್ಕೂ ಉಳಿದಿದ್ದಳು. ಹೊಸಕೋಟೆಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಜಾತಕ ಕೂಡಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಅವರ ಮನೆಯವರು ಹುಡುಗನನ್ನು ನೋಡಲು ಬರುವವರಿದ್ದರು. ಅಮ್ಮ ಅಂಜಿನಮ್ಮ ಒಬ್ಬಟ್ಟಿಗೆ ಬೇಳೆಯನ್ನೂ ನೆನೆಹಾಕಿಯಾಗಿತ್ತು.

ಕೆಂಪರಾಜ ತನ್ನ ಫೋನಿನಲ್ಲಿ ಸೈಟು ತೆರೆದ. ಸಲೀಸಾಗಿ ತೆರೆದುಕೊಂಡಿತು. ಅವನ ಪುಟದಲ್ಲಿ ಅವನೇ ನೀಲಿ ಅಂಗಿ ಹಾಕಿಕೊಂಡು ನಗುತ್ತಿದ್ದ.

"ನನ್ನ ಫೋನಲ್ಲಿ ಚೆನ್ನಾಗೇ ಐತಲ್ಲಣ್ಣ."

"ನಿನ್ನ ಮನೆ ಕನ್ನಡೀಲಿ ನಿನ್ನ ಮುಖ ನಿಂಗೆ ಚೆನ್ನಾಗೇ ಕಾಣುತ್ತೆ. ನೋಡೋ ಹೆಣ್ಣಿನ ಕಡೆಯೋರಿಗೆ ಏನು ಕಾಣ್ತೈತೆ ಅನ್ನೋದು ಮುಖ್ಯ! ಫೋಟೋ ಕಳಿಸಿದೀನಿ, ನೋಡು."

ರಾಮಾಂಜಿನಪ್ಪನವರ ಫೋನಿನ ಪರದೆಯ ಚಿತ್ರ ಅದು. ಹುಣ್ಣಾದ ನಾಲಿಗೆಯಷ್ಟು ಕೆಂಪು. ಮೇಲೆ ದೊಡ್ಡ ಆಶ್ಚರ್ಯಸೂಚಕ ಚಿಹ್ನೆ. ಕೆಳಗೆ ಅಚ್ಚ ಕನ್ನಡದಲ್ಲಿ, 'ಅಪಾಯ! ಮುಂದುವರಿಯಬೇಡಿ. ದಾಳಿಕೋರರು ನಿಮಗೆ ಮೋಸ ಮಾಡಿ ನಿಮ್ಮ ಮಾಹಿತಿಯನ್ನು ಕದಿಯಬಹುದು. ವೈರಸ್ ಇರುವ ಸಾಧ್ಯತೆ ಇದೆ.'

ಅಂಜಿನಮ್ಮ ಮಗನ ಹೆಗಲ ಮೇಲಿಂದ ಇಣುಕಿ ಗಟ್ಟಿಯಾಗಿ ಓದಿದರು. ಕಾಂಪೌಂಡಿನ ಆಚೆ ಕಸ ಗುಡಿಸುತ್ತಿದ್ದ ಪಕ್ಕದ ಮನೆಯ ಸೊಣ್ಣಮ್ಮನ ಪೊರಕೆ ನಿಂತಿತು.

"ಏನಂತೆ ಅಂಜಿನಮ್ಮಕ್ಕ? ಯಾರು ಏನು ಕದ್ರಂತೆ?"

"ಏನಿಲ್ಲ ಕಣೆ, ಕಂಪ್ಯೂಟರ್ ವಿಷ್ಯ."

ಸೊಣ್ಣಮ್ಮ ಅಷ್ಟಕ್ಕೇ ಪೊರಕೆ ಗೋಡೆಗೆ ಒರಗಿಸಿ ಹಾಲಿನ ಡೇರಿ ಕಡೆ ನಡೆದಳು. ಡೇರಿಯಲ್ಲಿ ಭಾನುವಾರವೂ ಜನ ಇರುತ್ತಾರೆ.

ಒಂಬತ್ತು ಗಂಟೆಗೆ ಬೀದಿಯ ಕೊನೆಯವರೆಗೆ ಸುದ್ದಿ ಮುಟ್ಟಿತ್ತು. ಹೋಗುತ್ತಾ ಹೋಗುತ್ತಾ ಅದರಿಂದ ಸೈಟು ಉದುರಿಹೋಗಿ ವೈರಸ್ ಒಂದೇ ಉಳಿದುಕೊಂಡಿತ್ತು. ಎದುರು ಮನೆಯವರು ಗೇಟಿನಿಂದಾಚೆಯೇ ನಿಂತು, ಮೂಗಿಗೆ ಕರ್ಚೀಫು ಹಿಡಿದು ಕುಶಲ ವಿಚಾರಿಸಿದರು. ಸೊಣ್ಣಮ್ಮ ತಾನೇ ಹಬ್ಬಿಸಿದ ಕಾಯಿಲೆಗೆ ತಾನೇ ಅಮೃತಬಳ್ಳಿ ಕಷಾಯ ಮಾಡಿಕೊಂಡು ಬಂದಳು.

"ಕುಡಿ ತಮ್ಮ, ಮುಚ್ಚಿಡಬಾರದು. ಮದುವೆ ಆಗೋ ಹುಡುಗ ನೀನು."

"ಸೊಣ್ಣಮ್ಮಕ್ಕ, ವೈರಸ್ ನಂಗಲ್ಲ, ಸೈಟಿಗೆ!"

"ಅಯ್ಯೋ, ಸೈಟಿಗೂ ಬಂದೈತಾ? ಯಾವ ಸೈಟು, ಆ ಬೂದಿಗೆರೆ ರೋಡಿನ ಥರ್ಟಿ ಫಾರ್ಟಿನಾ?"

ಕೆಂಪರಾಜ ಕಷಾಯವನ್ನು ಒಂದೇ ಗುಟುಕಿಗೆ ಕುಡಿದು, ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಹಿಂಬಾಗಿಲಿನಿಂದ ಓಡಿದ.

ಬಸ್‌ಸ್ಟ್ಯಾಂಡಿನ ಹತ್ತಿರ ಗೆಳೆಯ ಗುರುವಿನ ಮೊಬೈಲ್ ಅಂಗಡಿ. ಗುರುವಿಗೆ ಗೊತ್ತಿಲ್ಲದ ರಿಪೇರಿ ಇಲ್ಲ. ಸರಿಯಾದ ರಿಪೇರಿಯೂ ಅಷ್ಟಾಗಿ ಇಲ್ಲ. ಅವನು ಪರದೆಯ ಚಿತ್ರ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಕೆಂಪರಾಜ ಅಂತ ಹೆಸರಿಟ್ಕೊಂಡು ಕೆಂಪು ಬಂತು ಅಂತ ಅಳ್ತೀಯಲ್ಲೋ!"

"ತಮಾಷೆ ಸಾಕು ಕಣೋ. ನಾಲ್ಕು ಗಂಟೆಯೊಳಗೆ ಸರಿಯಾಗದಿದ್ರೆ ಮುಂದಿನ ಹುಡುಗಿಗೆ ಇನ್ನೆಷ್ಟು ವರ್ಷ ಕಾಯ್ಬೇಕೋ."

ಕೆಂಪರಾಜ ಕ್ರಮವಾಗಿಯೇ ಶುರುಮಾಡಿದ. ಬೇರೆ ಬ್ರೌಸರಿನಲ್ಲಿ ತೆರೆದ, ಸರಿ ಇತ್ತು. ಅಂಗಡಿಯಲ್ಲಿದ್ದ ಹನ್ನೊಂದು ಫೋನುಗಳಲ್ಲಿ ತೆರೆದ, ಸರಿ ಇತ್ತು. ಸೈಟಿನ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿದ. ಒಂದು ಹುಳುವೂ ಸಿಗಲಿಲ್ಲ. ಅಪಾಯದ ತಾಣಗಳ ಪಟ್ಟಿಯಲ್ಲಿ ಹುಡುಕಿದ. ಅಲ್ಲೂ ಹೆಸರಿರಲಿಲ್ಲ. ಕಾಯಿಲೆಯೇ ಇಲ್ಲದ ರೋಗಿಯನ್ನು ಮುಂದೆ ಕೂರಿಸಿಕೊಂಡ ಡಾಕ್ಟರನಂತೆ ಅವನು ಬೆವರತೊಡಗಿದ.

"ಒಳಗೆ ಎಲ್ಲೋ ಅವಿತಿರುತ್ತೆ ಕಣೋ," ಎಂದ ಗುರು. "ವೈರಸ್ ಯಾವಾಗ್ಲೂ ಫೋಟೋದಲ್ಲೇ ಇರೋದು. ಫೋಟೋ ಎಲ್ಲಾ ಒಂದ್ಸಲ ತೆಗೆದು ಮತ್ತೆ ಹಾಕು."

ಬೇರೆ ದಿನವಾಗಿದ್ದರೆ ಕೆಂಪರಾಜ ಈ ಮಾತಿಗೆ ನಕ್ಕುಬಿಡುತ್ತಿದ್ದ. ಇವತ್ತು ಮಾಡಿದ. ಒಂಬೈನೂರು ಫೋಟೋ ತೆಗೆದು ಮತ್ತೆ ಹಾಕುವಾಗ ಅವು ಒಂದೊಂದು ಮನೆ ಮುಂದಕ್ಕೆ ಜರುಗಿ ಕೂತವು. ಹತ್ತೇ ನಿಮಿಷದಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಏನ್ರೀ, ನಮ್ಮ ವಾಣಿಶ್ರೀ ಜಾಗದಲ್ಲಿ ಮೀಸೆ ಇರೋನು ಕೂತವ್ನೆ!"

"ಸಾರ್, ನಮ್ಮ ಮಗನಿಗೆ ಲಂಗ ದಾವಣಿ ಉಡಿಸಿದೀರಲ್ಲ, ಏನು ಕತೆ?"

ಅಪ್ಪಯ್ಯಣ್ಣನವರೂ ಫೋನು ಮಾಡಿದರು. ಅವರ ಅಧ್ಯಕ್ಷರ ಸಂದೇಶದ ಪಕ್ಕದಲ್ಲಿ ಹೊಸಕೋಟೆಯ ಇಪ್ಪತ್ತೆರಡರ ಹುಡುಗಿ ನಗುತ್ತಿದ್ದಳು. ಆಡಬಾರದ ಮಾತನ್ನೆಲ್ಲ ಆಡಿ ಮುಗಿಸಿ ಅವರು, "ಅಂಗಡೀಲಿ ಕೂತು ಕೆಡಿಸಿದ್ದು ಸಾಕು. ನೆಟ್ಟಗೆ ನಂದಗುಡಿಗೆ ಹೋಗು. ಅವರ ಕಣ್ಣೆದುರಿಗೇ ಸರಿಮಾಡಿ ತೋರ್ಸು. ಸೈಟು ಕೆಟ್ಟಿದ್ದು ನಿನ್ನಿಂದ ಅಂತ ಗೊತ್ತಾದ್ರೆ ನಾಳೆಯಿಂದ ಕೇಂದ್ರಕ್ಕೆ ಬರಬೇಡ," ಎಂದರು.

ಫೋಟೋಗಳನ್ನು ಅವರವರ ಜಾಗಕ್ಕೆ ಕೂರಿಸುವಷ್ಟರಲ್ಲಿ ಎರಡು ಗಂಟೆ. ಗುರುವಿನ ಸ್ಕೂಟರ್ ಹತ್ತಿ, ಸೂಲಿಬೆಲೆ ದಾಟಿ, ತಲೆಗೂದಲಲ್ಲಿ ಅರ್ಧ ತಾಲ್ಲೂಕಿನ ಧೂಳು ಹೊತ್ತು ಕೆಂಪರಾಜ ನಂದಗುಡಿ ತಲುಪಿದ.

ರಾಮಾಂಜಿನಪ್ಪ ದೊಡ್ಡ ಆಳು, ಸಣ್ಣ ಮಾತು. ಹಜಾರದಲ್ಲಿ ಕುರ್ಚಿ ಎಳೆದು, "ಕೂತ್ಕಳಪ್ಪ. ತಪ್ಪು ತಿಳ್ಕೋಬೇಡ. ಮಿಷನ್ನೇ ಬೇಡ ಅಂತ ಹೇಳ್ತಿರುವಾಗ ಹೆಣ್ಣು ಹೆತ್ತೋನು ಹೆಂಗೆ ಮುಂದುವರಿಯೋದು?" ಎಂದರು.

"ಸಾರ್, ಇಲ್ನೋಡಿ!" ಎಂದು ಕೆಂಪರಾಜ ತನ್ನ ಫೋನು ಮುಂದೆ ಹಿಡಿದ. ಗಾಬರಿಯಲ್ಲಿ ಅವನ ದನಿ ಸಂತೆಯಲ್ಲಿ ಟೊಮೇಟೊ ಕೂಗುವವನ ಹಾಗೆ ಏರಿತ್ತು. "ನನ್ನ ಫೋನಲ್ಲಿ ಏನೂ ಇಲ್ಲ! ಎಷ್ಟು ಕ್ಲೀನಾಗೈತೆ ನೋಡಿ!"

ಪರದೆಯ ಮೇಲೆ ಗಾಲಿ ಸುತ್ತುತ್ತಲೇ ಇತ್ತು.

"ಇಲ್ಲಿ ಫೋನು ಮಾತ್ರ ಸಿಗೋದು, ನೆಟ್ ಸಿಗಲ್ಲಪ್ಪ. ಅದಕ್ಕೇ ಹೋದ ವಾರ ವೈಫೈ ಹಾಕಿಸ್ದೆ. ಅದಕ್ಕೆ ಸೇರ್ಸ್ಕೋ."

ಸೇರಿಸಿಕೊಂಡ. ಕೆಂಪರಾಜನ ಸ್ವಂತ ಫೋನು, ಸ್ವಂತ ಪುಟ, ಸ್ವಂತ ಕಣ್ಣೆದುರಿಗೇ ಕೆಂಪಗಾಯಿತು.

ಆ ಕ್ಷಣವೇ ಅವನ ತಲೆಯಲ್ಲಿ ದೀಪ ಹತ್ತಿತು. ದೋಷ ಸೈಟಿನದಲ್ಲ, ಈ ಮನೆಯ ವೈಫೈನದು! ಗೋಡೆಯ ಮೇಲಿದ್ದ ಡಬ್ಬಿಯ ಬೆನ್ನಿಗೆ ಅಂಟಿಸಿದ್ದ ಚೀಟಿಯಿಂದ ಪಾಸ್‌ವರ್ಡ್ ಓದಿ ಅದರ ಒಳಗೆ ಹೊಕ್ಕ. 'ಮಕ್ಕಳ ಸುರಕ್ಷತೆ' ಎಂಬಲ್ಲಿ ಒಂದು ಪಟ್ಟಿ ಇತ್ತು. ಜೂಜು, ಮದ್ಯ, ಅಶ್ಲೀಲ, ವಧೂವರ. ನಾಲ್ಕರ ಮುಂದೆಯೂ ಗುರುತು ಬಿದ್ದಿತ್ತು.

ವಧೂವರದ ಮುಂದೆ ಯಾರು ಗುರುತು ಹಾಕಿರಬಹುದು? ರಾಮಾಂಜಿನಪ್ಪನವರಿಗೆ ಇದೆಲ್ಲ ತಿಳಿಯುವುದಿಲ್ಲ. ಈ ಮನೆಯಲ್ಲಿ ಓದಿದವರೆಂದರೆ...

ಅವನು ತಲೆ ಎತ್ತಿದ. ನಡುಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನವ್ಯಶ್ರೀ ನಿಂತಿದ್ದಳು. ಫೋಟೋಗಿಂತ ಚೆನ್ನಾಗಿದ್ದಳು. ಅವನ ಕಣ್ಣನ್ನೇ ನೋಡುತ್ತಾ ತುಟಿಯ ಮೇಲೆ ಬೆರಳಿಟ್ಟು, ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು.

ಕೆಂಪರಾಜನಿಗೆ ಎಲ್ಲವೂ ಅರ್ಥವಾಯಿತು. ಪಾಪ, ಬರುವ ಗಂಡುಗಳನ್ನೆಲ್ಲ ತಪ್ಪಿಸಿಕೊಳ್ಳಲು ಹುಡುಗಿಯೇ ಮಾಡಿದ ಉಪಾಯ! ಈಗ ಅವಳ ಮಾನ ಅವನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಸೈಟು ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಹೇಳದಿದ್ದರೆ? ತನಗಾಗಿ ಬೈಗುಳ ತಿಂದವನನ್ನು ಯಾವ ಹುಡುಗಿ ಮರೆತಾಳು? ಇನ್ನು ಅವಳು ಯಾರನ್ನೇ ತಡೆದರೂ ತನ್ನನ್ನು ತಡೆಯಲಾರಳು ಎನ್ನಿಸಿ ಅವನ ಎದೆ ಅಗಲವಾಯಿತು.

ಯಾರಿಗೂ ಕಾಣದಂತೆ ಗುರುತು ತೆಗೆದ. ಪುಟ ತೆರೆದುಕೊಂಡಿತು. ನೀಲಿ ಅಂಗಿಯ ಕೆಂಪರಾಜ ನಕ್ಕ.

"ಅರೆ, ಬಂತಲ್ಲ! ಏನಾಗಿತ್ತಪ್ಪ?" ಎಂದರು ರಾಮಾಂಜಿನಪ್ಪ.

ಕೆಂಪರಾಜ ನವ್ಯಶ್ರೀಯತ್ತ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, "ತಪ್ಪು ನಮ್ಮದೇ ಸಾರ್. ಸೈಟಿನ ಒಳಗೇ ಸ್ವಲ್ಪ ವೈರಸ್ ಇತ್ತು. ನಾನೇ ಸರಿಯಾಗಿ ನೋಡ್ಕೊಂಡಿರಲಿಲ್ಲ. ಈಗ ತೆಗೆದೆ," ಎಂದ.

ರಾಮಾಂಜಿನಪ್ಪ ತೊಡೆ ತಟ್ಟಿದರು.

"ನೋಡ್ದಾ! ವೈಫೈ ಹಾಕೋಕೆ ಬಂದ ಹುಡುಗಂಗೆ ನಾನೇ ಹೇಳಿದ್ದೆ. ಬೇಸಿಗೆ ರಜಕ್ಕೆ ಮೊಮ್ಮಕ್ಕಳು ಬರ್ತಾರೆ, ಕೆಟ್ಟದ್ದು ಅಂತ ಏನೇನೈತೋ ಎಲ್ಲಾ ಕಟ್ ಮಾಡಪ್ಪ ಅಂತ. ಎಂಥಾ ಕೆಲಸ ಮಾಡವ್ನೆ! ನಿಮ್ಮ ವೈರಸ್ಸನ್ನ ಬಾಗಿಲಲ್ಲೇ ಹಿಡಿದ!"

ಕೆಂಪರಾಜನ ಅಗಲವಾಗಿದ್ದ ಎದೆ ಮೊದಲಿನ ಅಳತೆಗೆ ಬಂತು. ಗುರುತು ಹಾಕಿದ್ದು ವೈಫೈ ಹುಡುಗ. ಹಾಗಾದರೆ ಆ ಬೆರಳು?

ಅಷ್ಟರಲ್ಲಿ ರಾಮಾಂಜಿನಪ್ಪ ಅಪ್ಪಯ್ಯಣ್ಣನವರಿಗೆ ಫೋನು ಹಚ್ಚಿದ್ದರು. "ಹೂಂ, ನಿಮ್ಮ ಹುಡುಗನೇ ಒಪ್ಕೊಂಡ. ತಾನೇ ನೋಡ್ಕೊಂಡಿರಲಿಲ್ವಂತೆ... ಪಾಪ, ಒಳ್ಳೆ ಹುಡುಗ, ಕೆಲಸ ಒಂದು ಬರಲ್ಲ ಅಷ್ಟೇ."

ಕಾಫಿ ಮುಗಿಸದೆ ಕೆಂಪರಾಜ ಹೊರಗೆ ನಡೆದ. ಗೇಟಿನ ಹತ್ತಿರ ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸಿತು. ನವ್ಯಶ್ರೀ ಅವನ ಹೆಲ್ಮೆಟ್ ಹಿಡಿದು ಬಂದಿದ್ದಳು.

"ಮರೆತು ಹೊರಟಿದ್ರಿ."

"ಅಲ್ಲ... ನೀವು ಆಗ ಬಾಯಿ ಮೇಲೆ ಬೆರಳಿಟ್ರಲ್ಲ? ತಲೆ ಆಡಿಸಿದ್ರಲ್ಲ?"

"ಅಜ್ಜಿ ಮಲಗಿದ್ರು. ಪಿಳ್ಳಮ್ಮಜ್ಜಿಗೆ ಬೆಳಿಗ್ಗೆಯಿಂದ ತಲೆನೋವು. ನೀವು ಮೈಕ್ ನುಂಗಿದೋರ ಹಾಗೆ ಮಾತಾಡ್ತಿದ್ರಿ."

ಕೆಂಪರಾಜ ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡ. ಹಿಡಿದುಕೊಳ್ಳಲು ಅದೊಂದೇ ಇತ್ತು.

"ನಾನು ನಿಮ್ಮ ಪುಟ ಲ್ಯಾಬಲ್ಲೇ ನೋಡಿದ್ದೆ," ಎಂದಳು ನವ್ಯಶ್ರೀ, ಸ್ವಲ್ಪ ತಗ್ಗಿದ ದನಿಯಲ್ಲಿ. "ಅಲ್ಲಿ ಚೆನ್ನಾಗಿತ್ತು, ಮನೇಲಿ ಮಾತ್ರ ಕೆಂಪು. ಸೈಟಿನ ತಪ್ಪಲ್ಲ, ನಮ್ಮ ವೈಫೈದೇ ಇರ್ಬೇಕು, ಹುಡುಗನ್ನ ಬೇಡ ಅನ್ಬೇಡಿ ಅಂತ ಅಪ್ಪನ ಹತ್ರ ಬೆಳಿಗ್ಗೆಯಿಂದ ಜಗಳ ಆಡಿದೀನಿ. ನೀವೇ ಬಂದು ಒಳಗೆ ವೈರಸ್ ಇತ್ತು, ನೋಡ್ಕೊಂಡಿರಲಿಲ್ಲ ಅಂದ್ಬಿಟ್ರಿ. ನನ್ನ ಮುಖ ಎಲ್ಲಿಟ್ಕೊಳ್ಲಿ?"

"ಇಲ್ಲ ಇಲ್ಲ, ನೀವು ಹೇಳಿದ್ದೇ ಸರಿ! ಅದು ನಿಮ್ಮ ವೈಫೈದೇ ತಪ್ಪು! ಸೈಟಲ್ಲಿ ವೈರಸ್ಸೇ ಇರಲಿಲ್ಲ!"

ನವ್ಯಶ್ರೀ ಅವನನ್ನು ಒಂದು ಗಳಿಗೆ ನೋಡಿದಳು. ರಕ್ತದ ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವ ನೋಟ ಅದು.

"ಹಜಾರದಲ್ಲಿ ಒಂದು ರಿಪೋರ್ಟು, ಗೇಟಲ್ಲಿ ಒಂದು ರಿಪೋರ್ಟು. ನಮ್ಮ ಲ್ಯಾಬಲ್ಲಿ ಹಿಂಗೆ ಬಂದ್ರೆ ಎರಡನ್ನೂ ಎಸೀತೀವಿ," ಎಂದು ಗೇಟು ಎಳೆದುಕೊಂಡಳು. ಸದ್ದಾಗದ ಹಾಗೆ ಎಳೆದುಕೊಂಡಳು, ಅಜ್ಜಿ ಮಲಗಿದ್ದರಲ್ಲ.

ಸೂಲಿಬೆಲೆಯ ಹೋಟೆಲಿನ ಮುಂದೆ ಸ್ಕೂಟರ್ ನಿಲ್ಲಿಸಿ ಕೆಂಪರಾಜ ಟೀ ಹೇಳಿದ. ಅಮ್ಮನಿಗೆ ಒಬ್ಬಟ್ಟು ತಟ್ಟಬೇಡ ಎಂದು ಹೇಗೆ ಹೇಳುವುದು, ಅಪ್ಪಯ್ಯಣ್ಣನವರ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು ಎಂದು ಯೋಚಿಸುತ್ತಿರುವಾಗ ಫೋನು ಮೊಳಗಿತು. ರಾಮಾಂಜಿನಪ್ಪ! ಟೀ ಅಂಗಿಯ ಮೇಲೆ ಚೆಲ್ಲಿತು. ಮನಸ್ಸು ಬದಲಾಯಿಸಿದರೇ?

"ಹೇಳಿ ಸಾರ್!"

"ತಮ್ಮ, ನೀನು ಬಂದು ಹೋದ್ಮೇಲೆ ಸೈಟು ನೀರು ಹರಿದಂಗೆ ಓಡ್ತೈತೆ ಕಣಪ್ಪ. ಮನೆಯೋರೆಲ್ಲ ಕೂತು ನೋಡ್ತಾ ಇದೀವಿ. ನಿನ್ನ ಕೆಳಗಡೆ ಒಬ್ಬ ದೊಡ್ಡಬಳ್ಳಾಪುರದ ಹುಡುಗ ಅವ್ನೆ, ವೇಣುಗೋಪಾಲ್ ಅಂತ. ನಮ್ಮ ನವ್ಯನೂ ಪರವಾಗಿಲ್ಲ ಅಂದ್ಳು. ಅವರಪ್ಪನ ಫೋನ್ ನಂಬರ್ ಮಾತ್ರ ಕಾಣಿಸ್ತಿಲ್ಲ. ಎಲ್ಲಿ ಒತ್ಬೇಕು, ಸ್ವಲ್ಪ ಹೇಳ್ತೀಯಾ?"

ಕೆಂಪರಾಜ ಅಂಗಿಯ ಮೇಲಿನ ಟೀಯನ್ನು ಒರೆಸಿಕೊಂಡ.

"ಫೋಟೋ ಕೆಳಗೆ ಹಸಿರು ಬಟನ್ ಐತೆ ನೋಡಿ ಸಾರ್," ಎಂದ. "ಅದನ್ನ ಒತ್ತಿ. ಭಯ ಏನಿಲ್ಲ, ಪೂರ್ತಿ ಸೇಫು."